ಆಯಿ ಯಾರ ಒಲೆಯವಳು

ನಾನು ಹೊಟ್ಟೆಕಿಚ್ಚಿನ ಹೆಂಗಸು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡುಬಿಟ್ಟರೆ ಒಳ್ಳೆಯದು. ಸರ್ಕಾರಿ ಶಾಲೆಯಲ್ಲಿ ನಿಂತು ವರ್ಷಗಟ್ಟಲೆ ಮಕ್ಕಳಿಗೆ ಹಂಚಿಕೊಂಡು ತಿನ್ನಬೇಕು ಎಂದು ಪಾಠ ಮಾಡಿದ್ದೇನೆ. ಆದರೆ ಪಕ್ಕದ ಕ್ಲಾಸಿನ ಟೀಚರಿಗೆ ಮಕ್ಕಳು ಎರಡು ಹೂವು ಹೆಚ್ಚು ತಂದುಕೊಟ್ಟರೆ ಆ ಮಧ್ಯಾಹ್ನ ನನಗೆ ಡಬ್ಬಿಯ ಊಟ ಇಳಿಯುತ್ತಿರಲಿಲ್ಲ. ಈ ಗುಣ ಎಲ್ಲಿಂದ ಬಂತು ಎಂದು ಹುಡುಕುತ್ತ ಹಿಂದಕ್ಕೆ ಹೋದರೆ ನಾನು ಹೋಗಿ ನಿಲ್ಲುವುದು ಕಾಗಿಣಾ ದಂಡೆಯ ನಮ್ಮ ಮನೆಯಲ್ಲಿ, ಒಲೆಯ ಮುಂದೆ, ನನ್ನ ಕಾಕಾನ ಮಗಳು ಚಂದಮ್ಮನ ಪಕ್ಕದಲ್ಲಿ. ಅವಳು ತಿನ್ನುತ್ತಿದ್ದಾಳೆ, ನಾನು ನೋಡುತ್ತಿದ್ದೇನೆ.

ಶಹಾಬಾದ ಊರು ಬಿಟ್ಟು ಹೊಳೆಯ ಕಡೆಗೆ ಇಳಿದರೆ ನಮ್ಮ ಓಣಿ. ನಮ್ಮ ಹಿರಿಯರು ದೋಣಿ ನಡೆಸುತ್ತಿದ್ದರಂತೆ, ಮೀನು ಹಿಡಿಯುತ್ತಿದ್ದರಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಹೊಳೆಗೆ ಸೇತುವೆ ಬಂದಿತ್ತು, ದೋಣಿ ಹಿತ್ತಲಲ್ಲಿ ಬೋರಲು ಬಿದ್ದು ಕೋಳಿಗಳ ಮನೆಯಾಗಿತ್ತು. ಅಪ್ಪ ಖಣಿಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಎಬ್ಬಿಸುತ್ತಿದ್ದ, ಕಾಕಾ ಪಾಲಿಶ್ ಮಶೀನಿನ ಮುಂದೆ ನಿಲ್ಲುತ್ತಿದ್ದ. ಸಂಜೆ ಇಬ್ಬರೂ ಒಂದೇ ಬೂದಿಬಣ್ಣವಾಗಿ ಬರುತ್ತಿದ್ದರು, ಮೈ ತೊಳೆದುಕೊಂಡ ಮೇಲೆಯೇ ಅಣ್ಣ ಯಾರು ತಮ್ಮ ಯಾರು ಎಂದು ಗುರುತು ಸಿಗುತ್ತಿತ್ತು. ಮನೆಯ ನೆಲ ಫರ್ಸಿ, ಗೋಡೆ ಫರ್ಸಿ, ಮಾಳಿಗೆ ಫರ್ಸಿ, ಬಟ್ಟೆ ಒಗೆಯುವ ಕಲ್ಲು, ಕೊಡ ಇಡುವ ಕಟ್ಟೆ, ಕೂತು ಜಗಳಾಡುವ ಜಗಲಿ ಎಲ್ಲವೂ ಫರ್ಸಿ. ಅಷ್ಟು ದೊಡ್ಡ ಮನೆಯಲ್ಲಿ ಮಣ್ಣಿನದು ಅಂತ ಇದ್ದುದು ಒಲೆ ಒಂದೇ. ಅದನ್ನು ಹಾಕಿದವಳು ಆಯಿ, ಅಂದರೆ ಅಪ್ಪನ ತಾಯಿ. ಒಂಬತ್ತು ಜನ ಆ ಒಂದು ಒಲೆಯ ಮೇಲಿನದನ್ನು ಉಣ್ಣುತ್ತಿದ್ದೆವು: ಆಯಿ, ಅಪ್ಪ, ಅವ್ವ, ನಾನು, ನನ್ನ ಇಬ್ಬರು ತಮ್ಮಂದಿರು, ಆಮೇಲೆ ಕಾಕಾ, ಕಾಕಿ ಮತ್ತು ಅವರ ಒಬ್ಬಳೇ ಮಗಳು ಚಂದಮ್ಮ. ನಮ್ಮಲ್ಲಿ ಆಣೆ ಇಡುವುದು ದೇವರ ಮೇಲಲ್ಲ, ಒಲೆಯ ಮೇಲೆ. ಡಬ್ಬಿಯಲ್ಲಿ ಬೆಲ್ಲ ಕಡಿಮೆಯಾದರೆ ಆಯಿ ಯಾರ ಕಿವಿಯನ್ನೂ ಹಿಂಡುತ್ತಿರಲಿಲ್ಲ. ಕರೆದು ನಿಲ್ಲಿಸಿ ಇಷ್ಟೇ ಹೇಳುತ್ತಿದ್ದಳು:

"ಒಲಿ ಮುಟ್ಟಿ ಹೇಳು."

ಒಲೆ ಮುಟ್ಟಿ ಸುಳ್ಳು ಹೇಳಿದವರಿಗೆ ಅನ್ನ ದಕ್ಕುವುದಿಲ್ಲ ಎಂಬುದು ಆಯಿಯ ಖಚಿತವಾದ ನಂಬಿಕೆ. ಎಷ್ಟೋ ಸಲ ಬೆಲ್ಲ ಕದ್ದಿದ್ದೇನೆ, ಒಮ್ಮೆಯೂ ಒಲೆ ಮುಟ್ಟಿಲ್ಲ. ಕೈ ಅದರ ಹತ್ತಿರ ಹೋಗುವ ಮೊದಲೇ ಬಾಯಿ ಒಪ್ಪಿಕೊಂಡುಬಿಡುತ್ತಿತ್ತು.

ಚಂದಮ್ಮ ನನಗಿಂತ ಒಂದು ವರ್ಷ ಚಿಕ್ಕವಳು. ಚಂದಮ್ಮ ಎನ್ನುವುದು ಆಯಿಯ ಹೆಸರು. ಹಿರಿಯ ಮೊಮ್ಮಗಳು ನಾನು, ಆ ಹೆಸರು ನನಗೆ ಬರಬೇಕಿತ್ತು. ಆದರೆ ನಾನು ಹುಟ್ಟಿದ್ದು ಚಿಂಚೋಳಿ ಕಡೆಯ ಐನಾಪುರದಲ್ಲಿ, ಅವ್ವನ ತವರಿನಲ್ಲಿ. ಅಲ್ಲಿಯ ಅಜ್ಜಿ ಯಾವುದೋ ಹಳೆಯ ಹರಕೆ ನೆನಪು ಮಾಡಿಕೊಂಡು ನನ್ನನ್ನು ದೇವಮ್ಮ ಎಂದು ಕರೆದು ತೊಟ್ಟಿಲು ತೂಗಿಬಿಟ್ಟಳು. ಮರುವರ್ಷ ಕಾಕಿಗೆ ಹೆಣ್ಣು ಹುಟ್ಟಿದಾಗ ಹೆಸರು ಹಣ್ಣಿನ ಹಾಗೆ ಅದರ ಮಡಿಲಿಗೆ ಬಿತ್ತು. ಇದರಿಂದ ಅವಳಿಗಾದ ಲಾಭ ಸಣ್ಣದಲ್ಲ. ಅತ್ತೆಯ ಹೆಸರನ್ನು ಸೊಸೆಯರು ಬಾಯಲ್ಲಿ ಆಡಬಾರದು. ಹಾಗಾಗಿ ಅವ್ವನಾಗಲಿ ಕಾಕಿಯಾಗಲಿ ಅವಳನ್ನು ಹೆಸರು ಹಿಡಿದು ಬೈಯುವಂತಿರಲಿಲ್ಲ. ನನ್ನ ಹೆಸರು ದಿನವಿಡೀ ಓಣಿಯ ತುದಿಯವರೆಗೆ ಕೇಳುತ್ತಿತ್ತು: ದೇವಿ ನೀರು ತಾ, ದೇವಿ ಸೆಗಣಿ ಬಳಿ, ದೇವಿ ನಿನ್ನ ತಮ್ಮ ಎಲ್ಲಿ ಹಾಳಾಗಿ ಹೋದ. ಅವಳನ್ನು ಮಾತ್ರ ಎಲ್ಲರೂ ಸಣ್ಣಾಯಿ ಎಂದು ಕರೆಯುತ್ತಿದ್ದರು. ಸಣ್ಣಾಯಿ ಎಂದು ಕರೆದಮೇಲೆ ಸೆಗಣಿ ಬಳಿ ಎನ್ನಲು ಯಾರಿಗೆ ನಾಲಿಗೆ ಬಂದೀತು?

ಇನ್ನು ರೊಟ್ಟಿಯ ಮಾತು. ಆಯಿ ರೊಟ್ಟಿ ಬಡಿಯುವಾಗ ನಾವಿಬ್ಬರೂ ಒಲೆಯ ಎರಡು ಕಡೆ ಕೂರುತ್ತಿದ್ದೆವು. ಉಬ್ಬಿದ ಮೊದಲನೆಯ ಜೋಳದ ರೊಟ್ಟಿಯ ಮೇಲಿನ ತೆಳ್ಳನೆಯ ಪದರವನ್ನು ಆಯಿ ಉಗುರಲ್ಲಿ ಎಬ್ಬಿಸಿ, ಒಳಗೆ ಒಂದು ಚೂರು ಬೆಣ್ಣೆ ಸವರಿ, ಚಂದಮ್ಮನಿಗೆ ಕೊಡುತ್ತಿದ್ದಳು. ಕೆಳಗಿನ ದಪ್ಪ ಭಾಗ ನನಗೆ. ನಾನು ಗಟ್ಟಿ ಹಲ್ಲಿನವಳಂತೆ. ನನ್ನ ಹಲ್ಲು ಗಟ್ಟಿಯಾಗಿಯೇ ಇದ್ದವು, ಅದನ್ನು ಒಪ್ಪುತ್ತೇನೆ. ಆದರೆ ಆ ಪದರ ಬಾಯಲ್ಲಿ ಹೇಗಿರುತ್ತದೆ ಎಂದು ತಿಳಿಯುವ ಆಸೆಯಿಂದ ನಾನು ಎಷ್ಟು ಸಲ ಹಲ್ಲುನೋವಿನ ನಾಟಕ ಆಡಿದ್ದೇನೋ ಲೆಕ್ಕವಿಲ್ಲ. ಆಯಿ ಲವಂಗ ಕೊಟ್ಟು ಕಳಿಸುತ್ತಿದ್ದಳು.

ಹೀಗಿರುವಾಗ ಒಂದು ಮಳೆಗಾಲ ಕಾಗಿಣಾ ಮನೆಯೊಳಗೆ ಬಂತು. ಹೊಳೆ ಉಕ್ಕುವುದು ನಮಗೆ ಹೊಸದಲ್ಲ. ಪ್ರತಿ ವರ್ಷ ಹಿತ್ತಲವರೆಗೆ ಬಂದು ಮಾತಾಡಿಸಿ ಹೋಗುತ್ತಿತ್ತು. ಆ ವರ್ಷ ಮಾತ್ರ ಹೊಸ್ತಿಲು ದಾಟಿತು. ನಾವು ಎತ್ತರದಲ್ಲಿದ್ದ ಶಾಲೆಗೆ ಓಡಿದೆವು, ಕೆಲವು ದಿನ ಅಲ್ಲಿಯೇ ಬೆಂಚುಗಳ ನಡುವೆ ಮಲಗಿ ಸರ್ಕಾರದ ಖಿಚಡಿ ಉಂಡೆವು. ನೀರಿಳಿದ ಮೇಲೆ ಬಂದು ನೋಡಿದರೆ ಮನೆ ಮನೆಯಾಗಿಯೇ ನಿಂತಿತ್ತು, ಕಲ್ಲಿಗೆ ಏನಾಗಬೇಕು. ಆದರೆ ಚೀಲದ ಜೋಳ ನೆಂದು ಮೊಳಕೆ ಒಡೆದು ಹುಳಿವಾಸನೆ ಹೊಡೆಯುತ್ತಿತ್ತು, ತೊಗರಿಬೇಳೆಯ ಗಡಿಗೆಯೇ ಕಾಣಲಿಲ್ಲ, ಒಲೆ ಇದ್ದ ಜಾಗದಲ್ಲಿ ಒಂದು ಹಿಡಿ ಕೆಸರು. ಕಾಳು ಹೋದದ್ದಕ್ಕೆ ಅವ್ವ ಕಾಕಿ ಅತ್ತರು. ಆಯಿ ಒಲೆಯ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕೆಸರನ್ನು ಬೆರಳಲ್ಲಿ ಸವರುತ್ತಿದ್ದಳು. ಖಣಿಯಲ್ಲಿ ನೀರು ನಿಂತಿತ್ತು, ಪಾಲಿಶ್ ಮಶೀನುಗಳು ಬಂದಾಗಿದ್ದವು, ಅಪ್ಪ ಕಾಕಾ ಇಬ್ಬರಿಗೂ ಕೆಲಸವಿಲ್ಲ. ಮೂರನೆಯ ದಿನ ಡಂಗುರ ಸಾರಿದರು: ಮನೆಗೆ ನೀರು ಹೊಕ್ಕವರು ಚಿತ್ತಾಪುರದ ತಹಸೀಲ ಕಚೇರಿಗೆ ಅರ್ಜಿ ಕೊಡಬೇಕು, ತಲೆಗಿಷ್ಟು ಅಕ್ಕಿ, ಒಲೆಗಿಷ್ಟು ಬೇಳೆ ಎಣ್ಣೆ ಉಪ್ಪು ಸಿಗುತ್ತದೆ, ಒಲೆ ನಡೆಸುವ ಹೆಣ್ಣುಮಗಳು ತಾನೇ ಬಂದು ಹೆಬ್ಬೆಟ್ಟು ಒತ್ತಬೇಕು, ಆಮೇಲೆ ತಲಾಠಿ, ಅಂದರೆ ಊರ ಲೆಕ್ಕಿಗ, ಮನೆಗೆ ಬಂದು ನೋಡುತ್ತಾನೆ.

ಆ ಸಂಜೆ ಜಗಲಿಯ ಮೇಲೆ ದೊಡ್ಡವರ ಮಾತು ನಡೆಯಿತು. ಕಾಕಾ ಕಲ್ಲಿನ ಮೇಲೆ ಬೆರಳಲ್ಲಿ ಗೀಟು ಎಳೆಯುತ್ತ ಶುರು ಮಾಡಿದ.

"ಒಲಿಗಿ ಇಷ್ಟು ಅಂತ ಕೊಡ್ಲಿಕತ್ಯಾರ. ನಮ್ದು ಹ್ಯಾಂಗಿದ್ರೂ ಕರಗಿ ಹೋಗ್ಯದ. ಹಾಕೋದು ಹಾಕ್ತೀವಿ, ಎರಡ ಹಾಕಿದ್ರ ಏನಾತು?"

"ತೋರಸ್ಲಿಕ್ಕ ಒಲಿ ಹಾಕ್ತಿಯೇನು?" ಎಂದಳು ಆಯಿ. "ಖಾಲಿ ಒಲಿ ತೋರಿಸಿ ಅನ್ನ ಬೇಡಬಾರದು. ಹಾಕೋದಿದ್ರ ಎರಡರ ಮ್ಯಾಲೂ ಖರೇನ ಅಡಗಿ ಆಗಬೇಕು. ಕೆಲಸ ಶುರು ಆಗೋ ತನಕ ಬ್ಯಾರೆ ಬ್ಯಾರೆ ಉಣ್ಣೋಣು, ಆಮ್ಯಾಲ ಒಂದ ಮಾಡೋಣು."

"ಮತ್ತ ನೀ ಯಾರ ಕಡಿ?" ಎಂದು ಅಪ್ಪ ಕೇಳಿದ.

"ನಿಮ್ಮ ಕಡಿ ಐದ ತಲಿ ಅವ. ಅವರು ಮೂರೇ ಮಂದಿ. ನಾ ಅವರ ಕಡಿ ಕುಂದರ್ತೀನಿ."

ಲೆಕ್ಕ ಸರಿಯಾಗಿಯೇ ಇತ್ತು. ನಾನು ಅಪ್ಪನ ಮುಖ ನೋಡಿದೆ, ಅವ್ವನ ಮುಖ ನೋಡಿದೆ. ಇಬ್ಬರಿಗೂ ಏನೂ ಕಳೆದುಹೋದಂತೆ ಕಾಣಲಿಲ್ಲ. ಮರುದಿನ ಆಯಿ ಹೊಳೆಯ ಮಣ್ಣು ಕಲಸಿ ಎರಡು ಒಲೆ ಹಾಕಿದಳು, ಹಳೆಯ ಜಾಗದಲ್ಲಿ ನಮ್ಮದು, ಅಂಗಳದ ಆಚೆ ದನ ಕಟ್ಟುತ್ತಿದ್ದ ಚಪ್ಪರದಲ್ಲಿ ಕಾಕಿಯದು. ಶಾಲೆಯಲ್ಲಿ ಹಂಚಿದ್ದ ಒಂದಿಷ್ಟು ಜೋಳ, ಬೇಳೆಯಲ್ಲಿ ಅಡುಗೆ ಶುರುವಾಯಿತು. ಹಸಿ ತೊಗರಿಕಟ್ಟಿಗೆಯ ಹೊಗೆಯಲ್ಲಿ ನಾನು ನಮ್ಮ ಒಲೆಯ ಮುಂದೆ ತಮ್ಮಂದಿರ ಜೊತೆ ಕೂತಿದ್ದೆ. ಎದುರಿಗೆ, ಇಪ್ಪತ್ತು ಹೆಜ್ಜೆ ಆಚೆ, ಆಯಿಯ ಬೆನ್ನು, ಅದಕ್ಕೆ ಒರಗಿಕೊಂಡ ಚಂದಮ್ಮ. ಮೊದಲಾದರೆ ದಪ್ಪ ಭಾಗವಾದರೂ ಆಯಿಯ ಕೈಯಿಂದ ಸಿಗುತ್ತಿತ್ತು. ಈಗ ಅದೂ ಇಲ್ಲ. ಅವ್ವ ಬಡಿದ ರೊಟ್ಟಿ ಚೆನ್ನಾಗಿಯೇ ಇತ್ತು. ನಾನು ಮೊದಲು ತಿನ್ನಲಿಲ್ಲ, ಆಮೇಲೆ ತಿಂದೆ, ತಿಂದು ಅತ್ತುಬಿಟ್ಟೆ. ಕೆಲಸ ಶುರುವಾಗುವವರೆಗೆ ಎಂದು ಆಯಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಕೆಲಸ ಯಾವಾಗ ಶುರುವಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಯಿ ಅವರ ಒಲೆಗೇ ಒಗ್ಗಿ ಅಲ್ಲಿಯೇ ಉಳಿದುಬಿಟ್ಟರೆ ಎಂಬ ಒಂದೇ ಭಯ ನನಗೆ.

ಅರ್ಜಿಗೆ ಇಬ್ಬರು ಸೊಸೆಯರೂ ಹೋಗಬೇಕಿತ್ತು. ಕಾಕಿಗೆ ಜ್ವರ ಬಂದು ಮಲಗಿದಳು. ಅವಳ ಹೆಬ್ಬೆಟ್ಟನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು ಅವ್ವನೇ ಎರಡೂ ಮನೆಯ ಅರ್ಜಿ ಕೊಡುವುದೆಂದಾಯಿತು. ಜೊತೆಗೆ ನಾನು. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ, ಹೆಸರಿಗೆ. ಅವ್ವ ಗಂಡನ ಹೆಸರು ಹೇಳುವಂತಿಲ್ಲ, ಅತ್ತೆಯ ಹೆಸರು ಹೇಳುವಂತಿಲ್ಲ. ಹಿಂದಿನ ದಿನ ನಮ್ಮ ಓಣಿಯ ಹೆಂಗಸೊಬ್ಬಳು ಗಂಡನ ಹೆಸರು ಕೇಳಿದ್ದಕ್ಕೆ ಸೆರಗು ಬಾಯಿಗಿಟ್ಟುಕೊಂಡು ನಿಂತು, ಸರತಿ ತಪ್ಪಿಸಿಕೊಂಡು, ಅರ್ಜಿ ಕೊಡದೆಯೇ ವಾಪಸು ಬಂದಿದ್ದಳು. ಹೆಸರು ಹೇಳಲು ಒಂದು ಬಾಯಿ ಬೇಕು. ನಾನು ನಾಲ್ಕನೆಯ ಇಯತ್ತೆ, ಬಾಯಿ ಜೋರು. ಶಹಾಬಾದದಿಂದ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರ. ಚಂದಮ್ಮ ಬಾಗಿಲಲ್ಲಿ ನಿಂತು ನಾವು ಹೋಗುವುದನ್ನು ನೋಡಿದಳು. ಗಾಡಿಯಲ್ಲಿ ಅವ್ವ ನನಗೆ ಪಾಠ ಒಪ್ಪಿಸಿಕೊಂಡಳು.

"ಹೇಳು, ನಮ್ಮ ಒಲಿ ಮ್ಯಾಲ ಯಾರ್ಯಾರು?"

"ಅಪ್ಪ, ನೀ, ನಾ, ತಮ್ಮಗೋಳು ಇಬ್ಬರು."

"ಕಾಕಾನ ಒಲಿ ಮ್ಯಾಲ?"

"ಕಾಕಾ, ಕಾಕಿ, ಸಣ್ಣಾಯಿ."

"ಮತ್ತ?"

ನಾನು ಕಿಟಕಿಯ ಹೊರಗೆ ನೋಡಿದೆ.

"ಮತ್ತ ಆಯಿ. ಬಾಯಾಗ ಏನ ಇಟ್ಕೊಂಡೀದಿ? ಅಲ್ಲಿ ಬರೋಬ್ಬರಿ ಹೇಳಬೇಕ ನೋಡು."

ಕಚೇರಿಯ ಅಂಗಳದಲ್ಲಿ ಹೊಳೆಗಿಂತ ಹೆಚ್ಚು ಜನ ಉಕ್ಕಿದ್ದರು. ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಮುನ್ಶಿ ಒಬ್ಬ ಚಾಪೆ ಹಾಸಿ ಕೂತಿದ್ದ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದ. ಅಲ್ಲಿ ಬರೆಸಿಕೊಂಡು ಕಿಟಕಿಯ ಸಾಲಿನಲ್ಲಿ ನಿಂತು ಕೊಡಬೇಕು. ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂದು ಗೊಣಗುತ್ತ ಅವ್ವ ಸಾಲಿನ ಉದ್ದ ನೋಡಿದಳು. ಬರೆಸಿಕೊಂಡು ಹೋಗಿ ನಿಂತರೆ ಕಿಟಕಿ ಮುಚ್ಚುತ್ತದೆ.

"ನಾ ಸರತಿ ಹಿಡೀತೀನಿ. ನೀ ಹೆಸರು ಬರಸು. ಗಾಡ್ಯಾಗ ಹೇಳಿದ್ಹಾಂಗ."

ಅವಳು ಹೋದಳು. ಮುನ್ಶಿ ನಮ್ಮ ಕಾಗದ ಮೊದಲು ತೆಗೆದುಕೊಂಡ. ಅಪ್ಪನ ಹೆಸರು ಹೇಳಿದೆ, ಅವ್ವನ ಹೆಸರು ಹೇಳಿದೆ, ನನ್ನದು, ತಮ್ಮಂದಿರದು. ಅವನು ಲೆಕ್ಕಣಿಕೆ ಎತ್ತಿ ನನ್ನ ಕಡೆ ನೋಡಿದ.

"ಮನ್ಯಾಗ ಹಿರೇರು ಯಾರರ ಅದಾರೇನವಾ?"

"ಆಯಿ ಅದಾಳ್ರಿ. ಚಂದಮ್ಮ ಅಂತ."

"ಆಕಿ ಯಾರ ಒಲಿ ಮ್ಯಾಲ ಉಣ್ತಾಳ?"

ಈ ಪ್ರಶ್ನೆಯನ್ನು ಅವನು ಬೇಸರದಿಂದ, ಬೆನ್ನು ತುರಿಸಿಕೊಳ್ಳುತ್ತ ಕೇಳಿದ. ಆದರೆ ನನ್ನ ಜನ್ಮದಲ್ಲಿ ಯಾರೂ ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಕೇಳಿರಲಿಲ್ಲ. ಅವನ ಕೈಯಲ್ಲಿ ಸರ್ಕಾರದ ಕಾಗದವಿತ್ತು. ಅದರ ಮೇಲೆ ಬರೆದದ್ದು ಬರೆದ ಹಾಗೆ ಆಗುತ್ತದೆ ಎಂದು ನಾನು ನಂಬಿದ್ದೆ. ಸಾಲಿನಲ್ಲಿ ಅವ್ವನ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

"ನಮ್ಮ ಒಲಿರಿ."

"ಖರೇನ? ತಲಾಠಿ ಮನಿಗಿ ಬಂದು ಕೇಳ್ತಾನ ಮತ್ತ."

"ಖರೇರಿ."

ಅಲ್ಲಿ ಮುಟ್ಟಲು ಯಾವ ಒಲೆಯೂ ಇರಲಿಲ್ಲ. ಮುನ್ಶಿ ಆಯಿಯ ಹೆಸರನ್ನು ನಮ್ಮ ಕಾಗದದಲ್ಲಿ ಆರನೆಯದಾಗಿ ಬರೆದ. ಕಾಕಾನ ಕಾಗದದಲ್ಲಿ ಮೂರೇ ಹೆಸರು ಬಂದವು, ಆ ಮೂರರಲ್ಲಿ ಒಂದು ಚಂದಮ್ಮ. ಅವಳ ಹೆಸರನ್ನು ಬರೆಸುವಾಗ ನನಗೆ ಎಷ್ಟು ಹಗುರವೆನಿಸಿತು ಎಂದರೆ ಮೊದಲ ಸಲ ಆ ಹೆಸರು ಚೆನ್ನಾಗಿದೆ ಎನ್ನಿಸಿತು. ಅವ್ವನಿಗೆ ಓದಲು ಬರುವುದಿಲ್ಲ. ಎರಡೂ ಕಾಗದ ಕಿಟಕಿಯೊಳಗೆ ಹೋದವು. ಬರುವಾಗ ವಾಡಿ ಸ್ಟೇಷನ್ನಿನಲ್ಲಿ ಅವ್ವ ನನಗೆ ಭಜಿ ಕೊಡಿಸಿ, ಜಾಣಿ ಅಂದಳು.

ತಲಾಠಿ ಬಂದದ್ದು ನಾಲ್ಕು ದಿನದ ಮೇಲೆ, ಮಧ್ಯಾಹ್ನದ ಅಡುಗೆಯ ಹೊತ್ತಿಗೆ. ಬೇಕೆಂದೇ ಆ ಹೊತ್ತಿಗೆ ಬರುತ್ತಿದ್ದನಂತೆ, ಒಲೆ ಉರಿಯುತ್ತಿದೆಯೋ ಇಲ್ಲವೋ ನೋಡಲು. ನಮ್ಮ ಓಣಿಯಲ್ಲೇ ಎರಡು ಮನೆಯ ಸುಳ್ಳು ಒಲೆ ಹಿಡಿದು, ಎರಡಕ್ಕೂ ಏನೂ ಇಲ್ಲ ಎಂದು ಹೆಸರು ಹೊಡೆದುಹಾಕಿ ಬಂದಿದ್ದ. ಅಪ್ಪ ಕಾಕಾ ಅವನಿಗೆ ಮಂಚ ತಂದು ಹಾಕಿದರು. ಅವನು ಕೂರಲಿಲ್ಲ. ಅಂಗಳದ ನಡುವೆ ನಿಂತು, ಈ ಕಡೆ ಉರಿಯುವ ಒಲೆ ನೋಡಿ, ಆ ಕಡೆ ಉರಿಯುವ ಒಲೆ ನೋಡಿ, ತಲೆಯಾಡಿಸಿ, ಕಾಗದ ಬಿಡಿಸಿದ. ಆಯಿ ಕಾಕಿಯ ಒಲೆಯ ಮುಂದೆ ಕೂತು ಬೇಳೆ ತಿರುವುತ್ತಿದ್ದಳು. ಅವನು ನಮ್ಮ ಮನೆಯ ಹೆಸರುಗಳನ್ನು ಓದಿದ, ಕೊನೆಯಲ್ಲಿ ಓದಿದ:

"ಚಂದಮ್ಮ, ಮುದುಕಿ, ಹಿರೇ ಮಗನ ಒಲಿ."

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಕಾಕಿ ತಲೆಯೆತ್ತಿದಳು. ಅವಳು ಅವ್ವನ ಕಡೆ ನೋಡಿದಳು. ಅವ್ವ ಅಪ್ಪನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಂಬದ ಹಿಂದಕ್ಕೆ ಸರಿದೆ, ಅದನ್ನು ಆಯಿ ಕಂಡಳು. ತಲಾಠಿಗೆ ಮುಖಗಳನ್ನು ನೋಡುವ ಅಭ್ಯಾಸವಿತ್ತು.

"ಕಾಗದದಾಗ ಆ ಕಡಿ ಅದ. ನೀವು ಈ ಕಡಿ ಕುಂತೀರಿ. ಆಯಿ, ನೀವೇ ಹೇಳ್ರಿ, ನೀವು ಯಾರ ಒಲಿಯವರು? ಸುಳ್ಳ ಇದ್ರ ಎರಡೂ ಅರ್ಜಿ ಹೊಡೀತೀನಿ."

"ಅರ್ಜಿ ಯಾರು ಬರಸ್ಯಾರ ಯಪ್ಪಾ?" ಎಂದು ಆಯಿ ಮೆಲ್ಲಗೆ ಕೇಳಿದಳು.

"ಯಾರೋ ಒಂದು ಹುಡುಗಿ ಹೆಸರ ಹೇಳ್ಯಾಳಂತ. ಆಕಿ ಸುಳ್ಳ ಹೇಳ್ಯಾಳೇನು? ಆಕೀನ್ನೂ ಕರೀರಿ, ಕೇಳೋಣು."

ಆಯಿ ಮೇಲೆದ್ದಳು. ಅಂಗಳ ದಾಟಿ ಬಂದಳು. ಆ ಇಪ್ಪತ್ತು ಹೆಜ್ಜೆ ಬರುವಾಗ ಅವಳು ನನ್ನ ಕಡೆ ನೋಡಲಿಲ್ಲ. ನಮ್ಮ ಒಲೆಯ ಮುಂದೆ ಕೂತು, ಬಿಸಿ ಇದ್ದ ಅಂಚಿನ ಮೇಲೆ ಅಂಗೈ ಊರಿದಳು.

"ನಾ ಹಿರೇ ಮಗನ ಒಲಿಯಾಕಿ. ಆ ಕಡಿ ಸೊಸಿಗಿ ಜ್ವರ ಇತ್ತು, ಬ್ಯಾಳಿ ತಿರುವಾಕ ಹೋಗಿದ್ದೆ. ಹುಡುಗಿ ಖರೇನ ಹೇಳ್ಯಾಳ."

ತಲಾಠಿ ಎರಡೂ ಕಾಗದದ ಮೇಲೆ ಸಹಿ ಮಾಡಿ ಹೋದ. ಅವನು ಓಣಿಯ ತಿರುವು ದಾಟಿದ. ಆಮೇಲೆ ಕಾಕಿ ಒಂದು ಮಾತು ಆಡಿದಳು, ಅವ್ವನ ಕಣ್ಣಿಗೆ ಕಣ್ಣಿಟ್ಟು.

"ನನ್ನ ಹೆಬ್ಬಟ್ಟ ನಿನ್ನ ಕೈಯಾಗ ಕೊಟ್ಟು ಕಳಿಸಿದ್ನಲ್ಲಕ್ಕ, ಜ್ವರದಾಗ. ಒಂದ ತಲಿ ಅಕ್ಕಿ ಸಲುವಾಗಿ ಹಿಂಗ ಮಾಡ್ತಿ ಅಂತ ಗೊತ್ತಿದ್ದಿಲ್ಲ."

ಅವ್ವನಿಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು: ನಾನಲ್ಲ, ಈ ಪೋರಿ. ಅವಳು ಹೇಳಲಿಲ್ಲ. ಹುಡುಗಿಗೆ ಮನೆಮುರುಕಿ ಎಂಬ ಹೆಸರು ಬಂದರೆ ಅದು ಗಂಡನ ಮನೆಯವರೆಗೂ ಹೋಗುತ್ತದೆ ಎಂದು ಎಷ್ಟೋ ವರ್ಷದ ಮೇಲೆ ನನಗೆ ವಿವರಿಸಿದಳು. ಆ ದಿನ ಮಾತ್ರ ಹಿತ್ತಲಿಗೆ ಕರೆದುಕೊಂಡು ಹೋಗಿ, ಸದ್ದು ಬರದ ಹಾಗೆ, ತೊಡೆಗೆ ಚಿವುಟಿದಳು. ನಾನೂ ಸದ್ದು ಮಾಡಲಿಲ್ಲ.

ಅಕ್ಕಿ ಬಂತು. ಆಯಿಯ ಪಾಲಿನ ಅಕ್ಕಿಯನ್ನು ಅವ್ವ ಮೊರದಲ್ಲಿ ಹಾಕಿಕೊಂಡು ಕಾಕಿಯ ಒಲೆಗೆ ಹೋದಳು. ಬರೆಸಿಕೊಂಡವರೇ ಉಣ್ಣಿರಿ ಎಂದು ಕಾಕಿ ಮುಟ್ಟದೆ ವಾಪಸು ಕಳಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ಸಿಟ್ಟಾದ. ಆದರೆ ಕಾಕಿಯದು ಜಂಬವಲ್ಲ, ನೋವು. ಮರುದಿನ ಅವಳು ಎಲ್ಲಿಂದಲೋ ಒಂದು ಲೋಟ ಹಾಲು ಕಡ ತಂದು ತನ್ನ ಒಲೆಯ ಮೇಲೆ ಉಕ್ಕಿಸಿದಳು. ಹಾಲು ಉಕ್ಕಿಸಿದ ಒಲೆಯನ್ನು ಕೆಡವುವಂತಿಲ್ಲ. ಕೆಲಸ ಶುರುವಾಗುವವರೆಗೆ ಎಂದು ಹಾಕಿದ ಒಲೆ ಹೀಗೆ ಬೇರೆ ಮನೆಯಾಯಿತು. ಆಯಿಯೂ ಒಲೆ ಮುಟ್ಟಿ ಆಡಿದ ಮಾತನ್ನು ಸುಳ್ಳಾಗಲು ಬಿಡಲಿಲ್ಲ. ತಲಾಠಿ ಬಂದ ಆ ಮಧ್ಯಾಹ್ನದಿಂದ ಅವಳು ಕಾಕಿಯ ಒಲೆಯ ಮೇಲಿನ ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ. ಸತ್ಯವಲ್ಲದ್ದನ್ನು ಹೇಳಿಯಾಗಿತ್ತು, ಇನ್ನು ಅದನ್ನು ಸತ್ಯ ಮಾಡಿಕೊಂಡು ಬದುಕುವುದೊಂದೇ ಅವಳಿಗಿದ್ದ ದಾರಿ.

ಹೀಗೆ ನಾನು ಗೆದ್ದೆ. ಆಯಿ ನಮ್ಮ ಒಲೆಯ ಮುಂದೆ ಕೂತಳು, ನಾನು ಅವಳ ಪಕ್ಕದಲ್ಲಿ ಕೂತೆ. ಶಾಲೆಯಲ್ಲಿ ಹಂಚಿದ್ದ ಜೋಳ ಮುಗಿದಿತ್ತು, ರೊಟ್ಟಿ ಇರಲಿಲ್ಲ, ಸರ್ಕಾರದ ಅ‌ಕ್ಕಿಯ ಅನ್ನ. ಅನ್ನಕ್ಕೆ ಮೇಲಿನ ಪದರ ಎಲ್ಲಿಂದ ಬರಬೇಕು. ಆಯಿ ಅನ್ನ ಕಲಸುತ್ತಿದ್ದಳು, ಕಣ್ಣು ಅಂಗಳದ ಆಚೆ ಇರುತ್ತಿತ್ತು. ನನಗೆ ಅವಳ ತಾಟು ಸಿಕ್ಕಿತ್ತು, ಕಣ್ಣು ಸಿಕ್ಕಿರಲಿಲ್ಲ. ಆಮೇಲೆ ಒಂದು ಸೋಮವಾರ ಅವಳು ಒಪ್ಪತ್ತು ಅಂದಳು. ಮಂಗಳವಾರವೂ ಒಪ್ಪತ್ತು ಅಂದಳು. ಗುರುವಾರ, ಶನಿವಾರ. ನಮ್ಮ ಮನೆಯಲ್ಲಿ ಇಷ್ಟೊಂದು ದೇವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳ ಕಣ್ಣು ಹೋದಲ್ಲಿಗೇ ನನ್ನ ಕಣ್ಣನ್ನೂ ಕಳಿಸಿದೆ. ಕಾಕಿಯ ಒಲೆಯಲ್ಲಿ ಹೊಗೆ ಇರಲಿಲ್ಲ. ನಮ್ಮ ಆರು ತಲೆಯ ಅಕ್ಕಿಯನ್ನು ಉಣ್ಣುವವರಲ್ಲಿ ಮೂವರು ಮಕ್ಕಳು, ಒಬ್ಬಳು ಮುದುಕಿ; ಅವರ ಮೂರು ತಲೆಯದು ಆಗಲೇ ತಳ ಕಂಡಿತ್ತು. ಕಾಕಾ ಕೆಲಸ ಹುಡುಕಿಕೊಂಡು ಭಂಕೂರಿನ ಕಡೆ ಹೋಗಿದ್ದ. ಚಂದಮ್ಮ ಚಪ್ಪರದ ಕಂಬಕ್ಕೆ ಒರಗಿ ಕೂತು, ನಾವು ಉಣ್ಣುವುದು ಕಾಣದ ಹಾಗೆ ಗೋಡೆಯ ಕಡೆ ಮುಖ ಮಾಡಿದ್ದಳು. ಅವರ ಒಲೆ ಹೊತ್ತದ ದಿನ ಆಯಿಗೆ ಒಪ್ಪತ್ತು. ಅಷ್ಟೇ ಲೆಕ್ಕ.

ಒಳ್ಳೆಯ ಹುಡುಗಿಯಾಗಿದ್ದರೆ ನಾನು ಆಗ ಚಂದಮ್ಮನಿಗಾಗಿ ಅಳಬೇಕಿತ್ತು. ನನಗೆ ಬಂದ ಯೋಚನೆ ಬೇರೆ: ನಾನು ಉಪವಾಸ ಬಿದ್ದರೆ ಆಯಿ ನನಗಾಗಿ ಹೀಗೆ ಊಟ ಬಿಡುತ್ತಾಳೆಯೇ? ತಾಟು ಮುಂದಕ್ಕೆ ತಳ್ಳಿದೆ.

"ನನಗೂ ಒಪ್ಪತ್ತು."

ಆಯಿ ಮೊದಲ ಸಲ ಆಚೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು.

"ಉಣ್ಣು. ನೀ ಉಣ್ಣಲಿಲ್ಲಂದ್ರ ನಾ ಒಲಿ ಮುಟ್ಟಿದ್ದು ದಂಡ ಆಗ್ತದ."

ನಾನು ಉಂಡೆ. ಆ ಮಾತನ್ನು ನಾನು ಬೈಗುಳ ಎಂದುಕೊಂಡೆ. ನಿನ್ನಿಂದ ನನಗೆ ಪಾಪ ಬಂತು, ಈಗ ಅನ್ನವನ್ನಾದರೂ ಕೆಡಿಸಬೇಡ ಎಂದು ಅವಳು ಹೇಳುತ್ತಿದ್ದಾಳೆ ಅನ್ನಿಸಿತು. ಮುಂದೆ ಖಣಿಯ ನೀರು ಇಳಿಯಿತು, ಮಶೀನುಗಳು ತಿರುಗಿದವು, ಮನೆಗೆ ಜೋಳ ಬಂತು. ಅವ್ವ ಕಾಕಿ ವರ್ಷದೊಳಗೆ ಮಾತಾಡತೊಡಗಿದರು, ಎರಡು ವರ್ಷದೊಳಗೆ ಬದನೆಕಾಯಿ ಎಣ್ಣೆಗಾಯಿಯ ಬಟ್ಟಲು ಅಂಗಳ ದಾಟಿ ಓಡಾಡತೊಡಗಿತು. ಆಯಿ ಆ ಬಟ್ಟಲಿನ ವಾಸನೆ ನೋಡಿ, ಭಾಳ ಛಂದ ಆಗ್ಯದ ಎನ್ನುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಸಾಯುವವರೆಗೂ ಮುಟ್ಟಲಿಲ್ಲ. ಪ್ರತಿ ಸಲ ಅವಳು ಆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಾಗಲೂ ನನಗೆ ಶಿಕ್ಷೆ ಆಗುತ್ತಿತ್ತು. ಚಂದಮ್ಮನಿಂದ ಆಯಿಯನ್ನು ಕದ್ದುಕೊಂಡೆ, ಕದ್ದದ್ದು ನನಗೆ ದಕ್ಕಲಿಲ್ಲ, ಇದು ನನ್ನ ಜೀವನದ ಕತೆ ಎಂದು ನಾನು ನಂಬಿಕೊಂಡು ಬೆಳೆದೆ. ಅವ್ವ ಆ ಕೆಟ್ಟ ಹೆಸರನ್ನು ಹೊತ್ತುಕೊಂಡೇ ಹೋದಳು. ನಾನು ಬಾಯಿ ಬಿಡಲಿಲ್ಲ.

ಚಂದಮ್ಮ ಈಗ ಸೇಡಂನಲ್ಲಿದ್ದಾಳೆ. ಅವಳ ಮನೆ ನನ್ನದಕ್ಕಿಂತ ದೊಡ್ಡದು, ಅದನ್ನೂ ಹೇಳಿಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಅವಳ ಮನೆಗೆ ಹೋಗಿದ್ದಾಗ ಹಿಂದಿನ ಪಡಸಾಲೆಯಲ್ಲಿ ಇಬ್ಬರೂ ತೊಗರಿಕಾಯಿ ಸುಲಿಯುತ್ತ ಕೂತಿದ್ದೆವು. ಕಾಕಿ ಒಳಗೆ ಮಲಗಿದ್ದಳು, ಈಗ ಕಿವಿ ಕೇಳುವುದಿಲ್ಲ. ಅವ್ವ ಹೋದಮೇಲೆ ನನಗೆ ಈ ಮಾತು ಎದೆಯಲ್ಲಿ ಕೂತು ಕೂತು ಸಾಕಾಗಿತ್ತು. ಆ ಅರ್ಜಿಯಲ್ಲಿ ಆಯಿಯ ಹೆಸರನ್ನು ನಮ್ಮ ಕಡೆ ಬರೆಸಿದ್ದು ಅವ್ವ ಅಲ್ಲ, ನಾನು, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತದ ತಗೋ ಅಕ್ಕ. ಆಯಿ ಆವಾಗೇ ಹೇಳಿದ್ಲು, ಯಾರಿಗೂ ಹೇಳಬ್ಯಾಡ ಅಂತ. ನಮ್ಮವ್ವಗೂ ಹೇಳಿಲ್ಲ."

"ನಿನಗ ಸಿಟ್ಟ ಬರಲಿಲ್ಲೇನು?"

"ಸಿಟ್ಟಲ್ಲ. ಹೊಟ್ಟಿ ಉರೀತು. ಈಗೂ ಉರೀತದ." ಅವಳು ಕಾಳನ್ನು ಬುಟ್ಟಿಗೆ ಹಾಕಿದಳು. "ನನ್ನ ಸಲುವಾಗಿ ಆಯಿ ಉಪಾಸ ಬಿದ್ಲು, ಖರೇ. ಉಪಾಸ ಆಕಿ ಯಾರ ಸಲುವಾಗ್ಯಾದ್ರೂ ಬೀಳ್ತಿದ್ಲು. ಎಮ್ಮಿ ಕರ ಸತ್ರೂ ಬೀಳ್ತಿದ್ಲು. ಒಲಿ ಮುಟ್ಟಿ ಸುಳ್ಳ ಹೇಳಿದ್ದು ನಿನ್ನೊಬ್ಬಾಕಿ ಸಲುವಾಗಿ."

ನಾನು ನಾಚಿಕೊಳ್ಳಬೇಕಿತ್ತು. ಅವ್ವನನ್ನು ನೆನೆದು ಅಳಬೇಕಿತ್ತು. ಕಡೆಗೆ, ಆ ಚಪ್ಪರದ ಕಂಬಕ್ಕೆ ಒರಗಿ ಹಸಿದು ಕೂತಿದ್ದ ಹುಡುಗಿಯ ಕೈಯನ್ನಾದರೂ ಹಿಡಿದುಕೊಳ್ಳಬೇಕಿತ್ತು. ನನಗೆ ಆದದ್ದು ಸಂತೋಷ, ನೆತ್ತಿಯಿಂದ ಉಂಗುಷ್ಠದವರೆಗೆ.

"ಇನ್ನೊಮ್ಮೆ ಹೇಳು," ಎಂದೆ.

ಚಂದಮ್ಮ ನನ್ನ ಮುಖ ನೋಡಿದಳು, ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು, ಹೇಳಲಿಲ್ಲ.